ಗಾಳಿಯ ಮಾನದಂಡ ಬಿಗಿಯಾಗಲಿ ಎನ್ನುವವರಿಗೆ: ಕಾರವಾರದಿಂದ ಶಿರಸಿವರೆಗೆ ಊರವರನ್ನು ಒಗ್ಗೂಡಿಸುವ ಕ್ರಮ

ಹೆದ್ದಾರಿ 66ರ ಬದಿಯ ಕೆಂಧೂಳು, ದೇವಿಮನೆ ಘಟ್ಟದಲ್ಲಿ ಹತ್ತಿಳಿಯುವ ಟಿಪ್ಪರ್‌ಗಳ ಹೊಗೆ, ಬಂದರಿಗೆ ಹೋಗಿಬರುವ ಲಾರಿಗಳು, ಊರಾಚೆ ರಾತ್ರಿ ಹೊತ್ತಿಸಿ ಬಿಡುವ ಕಸದ ರಾಶಿ. ಕಾರಣ ಬೇರೆಬೇರೆಯಾದರೂ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಮನವಿ ಕೊಟ್ಟೆವು, ಪರಿಶೀಲಿಸುತ್ತೇವೆ ಎಂದರು, ಅಲ್ಲಿಗೇ ನಿಂತಿತು. ಮಾನದಂಡವನ್ನೇ ಬಿಗಿ ಮಾಡಿಸಲು ನಮ್ಮಂಥವರು ಏನು ಮಾಡಬಹುದು?"

ಮಾಡಬಹುದಾದದ್ದು ಸಾಕಷ್ಟಿದೆ. ನಿಂತುಹೋಗುವ ಮನವಿಗಳಲ್ಲಿ ಸಾಮಾನ್ಯವಾಗಿ ಒಂದು ಕೊರತೆ ಇರುತ್ತದೆ. "ವಾಯುಮಾಲಿನ್ಯ ತಡೆಯಿರಿ" ಎಂದಿರುತ್ತದೆ, ಒಂದು ಅಂಕಿಯೂ ಇರುವುದಿಲ್ಲ. ಮಾನದಂಡ ಎನ್ನುವುದೇ ಅಂಕಿ. ಯಾವ ಅಂಕಿ, ಎಷ್ಟಕ್ಕೆ ಇಳಿಯಬೇಕು, ಇಳಿಸುವ ಅಧಿಕಾರ ಯಾವ ಕಚೇರಿಗಿದೆ, ಈ ಮೂರನ್ನು ಬರೆದುಕೊಟ್ಟರೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.

ಬೇಕಾಗುವುದು ಐದಾರು ಜನರ ತಂಡ, ಒಂದು ರಟ್ಟಿನ ರಿಜಿಸ್ಟರ್, ಕೆಲವು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್‌ಗಳು ಮತ್ತು ಆರು ತಿಂಗಳ ತಾಳ್ಮೆ. ತಂಡದಲ್ಲಿ ಒಬ್ಬರಿಗಾದರೂ ಕೊಂಕಣಿ ಸರಾಗವಾಗಿ ಬರಲಿ. ಕಾರವಾರ, ಅಂಕೋಲೆಯ ಕಡಲಂಚಿನಲ್ಲಿ ಬರೀ ಕನ್ನಡದ ಕರಪತ್ರ ಹಂಚಿದರೆ ಮಾತು ಮನೆಯೊಳಗೆ ಹೋಗುವುದಿಲ್ಲ.

ಹಂತ 1: ಅಂಕಿಗಳನ್ನು ಬಾಯಿಪಾಠ ಮಾಡಿ

ಗಾಳಿಯಲ್ಲಿ ತೇಲುವ ಕಣಗಳನ್ನು ಗಾತ್ರದ ಮೇಲೆ ವಿಂಗಡಿಸುತ್ತಾರೆ. 10 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರಾನ್) ಸಣ್ಣವು ಪಿಎಂ 10. ರಸ್ತೆ ಧೂಳು, ಜಲ್ಲಿ ಪುಡಿಯ ಹೆಚ್ಚಿನ ಭಾಗ ಇದರಲ್ಲಿ ಬರುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣವು ಪಿಎಂ 2.5. ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಿನಷ್ಟು ಚಿಕ್ಕವು. ಹೆಚ್ಚಾಗಿ ಹೊಗೆಯಿಂದ ಹುಟ್ಟಿ, ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರುತ್ತವೆ. ಅಳತೆಯ ಮಾನ ಒಂದು ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೋಗ್ರಾಂ ಎಂದು. ಗ್ರಾಂನ ಹತ್ತು ಲಕ್ಷದ ಒಂದು ಪಾಲೇ ಮೈಕ್ರೋಗ್ರಾಂ.

ನಮ್ಮ ದೇಶದ ಈಗಿನ ಪರಿವೇಷ್ಟಕ ವಾಯು ಗುಣಮಟ್ಟ ಮಾನದಂಡ, ಅಂದರೆ ಸುತ್ತಲಿನ ಬಯಲು ಗಾಳಿಗೆ ಹಾಕಿದ ಮಿತಿ, 2009ರ ನವೆಂಬರ್ 18ರಂದು ಪ್ರಕಟವಾದದ್ದು. ಅದರಲ್ಲಿ 12 ಮಾಲಿನ್ಯಕಾರಕಗಳಿವೆ. ನಿಮಗೆ ಮೊದಲು ಬೇಕಾದವು ಎರಡೇ:

ಪಿಎಂ 2.5: ವಾರ್ಷಿಕ ಸರಾಸರಿ 40, 24 ಗಂಟೆಗೆ 60.
ಪಿಎಂ 10: ವಾರ್ಷಿಕ ಸರಾಸರಿ 60, 24 ಗಂಟೆಗೆ 100.

ವಿಶ್ವ ಆರೋಗ್ಯ ಸಂಸ್ಥೆ 2021ರ ಸೆಪ್ಟೆಂಬರ್‌ನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಪಿಎಂ 2.5ಕ್ಕೆ ವಾರ್ಷಿಕ 5, ದಿನಕ್ಕೆ 15. ಪಿಎಂ 10ಕ್ಕೆ 15 ಮತ್ತು 45. ಒಮ್ಮೆಲೇ ಅಲ್ಲಿಗೆ ತಲುಪಲಾಗದ ದೇಶಗಳಿಗಾಗಿ ಅದು ಮೆಟ್ಟಿಲುಗಳನ್ನೂ ಇಟ್ಟಿದೆ. ಪಿಎಂ 2.5ರ ವಾರ್ಷಿಕ ಮಿತಿಗೆ ಆ ಮೆಟ್ಟಿಲುಗಳು 35, 25, 15, 10. ನಮ್ಮ 40 ಮೊದಲ ಮೆಟ್ಟಿಲಿಗೂ ಹೊರಗೇ ನಿಂತಿದೆ. ಸಭೆಯಲ್ಲಿ ಹೇಳಬೇಕಾದ ಮೊದಲ ಮಾತು ಇದು.

ಎರಡನೆಯದು, ನಮ್ಮ ಜಿಲ್ಲೆಗೆಂದೇ ಹೇಳಬೇಕಾದದ್ದು, ಮಳೆಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಗಾಳಿಯನ್ನು ತೊಳೆದುಬಿಡುತ್ತದೆ. ಉದಾಹರಣೆಗೆ ಒಂದು ಲೆಕ್ಕ ಹಾಕಿ ನೋಡಿ (ಇದು ಎಲ್ಲೂ ಅಳೆದ ಅಂಕಿಯಲ್ಲ): ನಾಲ್ಕು ಮಳೆ ತಿಂಗಳು ಪಿಎಂ 2.5 ಸರಾಸರಿ 10, ಉಳಿದ ಎಂಟು ತಿಂಗಳು 45 ಇತ್ತೆಂದುಕೊಳ್ಳಿ. ವರ್ಷದ ಸರಾಸರಿ 33. ಎಂಟು ತಿಂಗಳು ಮಿತಿ ಮೀರಿದ ಗಾಳಿ ಕುಡಿದ ಊರು ಕಾಗದದ ಮೇಲೆ ಪಾಸಾಗುತ್ತದೆ! ಆದ್ದರಿಂದ ಕರಾವಳಿ, ಮಲೆನಾಡಿನವರು ವಾರ್ಷಿಕ ಮಿತಿಯೊಂದನ್ನೇ ಹಿಡಿದು ಹೋರಾಡಬಾರದು. 24 ಗಂಟೆಯ ಮಿತಿಯೂ ಬೇಡಿಕೆಯಲ್ಲಿರಲೇಬೇಕು.

ಇಲ್ಲಿ ಹಲವರು ಎಡವುವುದು ಎಕ್ಯೂಐನಲ್ಲಿ. ವಾಯು ಗುಣಮಟ್ಟ ಸೂಚ್ಯಂಕ ಎನ್ನುವ ಇದು 0ಯಿಂದ 500ರವರೆಗಿನ ಅಂಕ, ಮೈಕ್ರೋಗ್ರಾಂ ಲೆಕ್ಕವಲ್ಲ. ಸೂಚ್ಯಂಕ 100 ಬಂದರೆ 'ತೃಪ್ತಿಕರ' ಎಂದು ಬರುತ್ತದೆ. ಪಿಎಂ 2.5ರ ಲೆಕ್ಕದಲ್ಲಿ ಅದು 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿಯ ನಾಲ್ಕು ಪಟ್ಟು. ಮನವಿಯಲ್ಲಿ ಸೂಚ್ಯಂಕವನ್ನೂ ಮೈಕ್ರೋಗ್ರಾಂ ಅನ್ನೂ ಕಲಸಿ ಬರೆದರೆ ಅಧಿಕಾರಿ ಮೊದಲ ಪುಟದಲ್ಲೇ ತಪ್ಪು ಹಿಡಿಯುತ್ತಾರೆ.

ಹಂತ 2: ಯಾವ ಬಾಗಿಲು ಯಾವುದಕ್ಕೆ

ರಾಷ್ಟ್ರೀಯ ಮಿತಿ ಬದಲಿಸುವ ಅಧಿಕಾರ ದಿಲ್ಲಿಯಲ್ಲಿದೆ. 1981ರ ವಾಯು ಕಾಯ್ದೆಯ 16ನೇ ಕಲಮಿನಂತೆ ಗಾಳಿಯ ಗುಣಮಟ್ಟಕ್ಕೆ ಮಾನದಂಡ ಹಾಕುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಅದೇ ಅಂಕಿಗಳು 1986ರ ಪರಿಸರ ಸಂರಕ್ಷಣಾ ನಿಯಮಗಳ 7ನೇ ಅನುಸೂಚಿಯಲ್ಲಿವೆ, ಅದನ್ನು ತಿದ್ದುವುದು ಕೇಂದ್ರ ಪರಿಸರ ಸಚಿವಾಲಯ.

ರಾಜ್ಯ ಮಂಡಳಿಗೆ ಇರುವ ಅಧಿಕಾರವನ್ನು ಬಹಳ ಜನ ಗಮನಿಸಿಲ್ಲ. ಅದೇ 1986ರ ನಿಯಮಗಳ 3(2)ನೇ ನಿಯಮದಂತೆ, ಸುತ್ತಲಿನ ಪರಿಸರದ ಸ್ಥಿತಿ ನೋಡಿ, ಲಿಖಿತ ಕಾರಣ ಕೊಟ್ಟು, ಒಂದು ನಿರ್ದಿಷ್ಟ ಕೈಗಾರಿಕೆಗೆ ಅನುಸೂಚಿಗಿಂತ ಬಿಗಿಯಾದ ಹೊರಸೂಸುವಿಕೆ ಮಿತಿ ಹಾಕಬಹುದು. ಹೊರಸೂಸುವಿಕೆ ಮಿತಿ ಎಂದರೆ ಚಿಮಣಿಯಿಂದ ಅಥವಾ ಘಟಕದಿಂದ ಹೊರಬರುವುದಕ್ಕೆ ಇರುವ ಮಿತಿ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಕಾರವಾರದಲ್ಲೇ ಇದೆ. ಮನವಿ ಅಲ್ಲಿ ಕೊಟ್ಟು, ಬೆಂಗಳೂರಿನ ಕೇಂದ್ರ ಕಚೇರಿಗೆ ಪ್ರತಿ ಕಳಿಸಿ.

ಜಿಲ್ಲಾಧಿಕಾರಿ, ನಗರಸಭೆ, ಗ್ರಾಮ ಪಂಚಾಯ್ತಿ ಇವರ್ಯಾರೂ ಈ ಅಂಕಿಗಳನ್ನು ಬದಲಿಸಲಾರರು. ಅವರಿಂದ ಕೇಳಬೇಕಾದದ್ದು ಠರಾವು, ರಸ್ತೆಗೆ ನೀರು ಹೊಡೆಸುವುದು, ಕಸ ಸುಡುವುದಕ್ಕೆ ದಂಡ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶಿಸಿದೆ.

ಇನ್ನೊಂದು ವಿಷಯ ತಿಳಿದಿರಲಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಸುಮಾರು 130 ನಗರಗಳಿವೆ. ನಮ್ಮ ರಾಜ್ಯದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ನಾಲ್ಕೇ. ಉತ್ತರ ಕನ್ನಡದ ಒಂದೂ ಇಲ್ಲ. ಅಳತೆಯಲ್ಲಿ ಮಿತಿ ಮೀರಿದ ಊರುಗಳು ಆ ಪಟ್ಟಿಗೆ ಸೇರಿದವು. ಅಳೆಯದ ಊರು ಸೇರುವ ಪ್ರಶ್ನೆಯೇ ಇಲ್ಲ. ಹಾಗಾಗಿ "ನಮಗೆ ಮಾಪನ ಕೇಂದ್ರ ಬೇಕು" ಎನ್ನುವುದೂ ಮಾನದಂಡದ ಹೋರಾಟದ ಒಳಗಿನದೇ.

ಹಂತ 3: ಬೇಡಿಕೆಯನ್ನು ಅರ್ಧ ಪುಟದಲ್ಲಿ ಬರೆಯಿರಿ

ಈ ಒಕ್ಕಣೆಯನ್ನು ನಿಮ್ಮೂರಿಗೆ ತಕ್ಕಂತೆ ತಿದ್ದಿಕೊಳ್ಳಿ:

"ಒಂದು, ಪಿಎಂ 2.5ರ ವಾರ್ಷಿಕ ಮಿತಿಯನ್ನು 40ರಿಂದ 25ಕ್ಕೂ, 24 ಗಂಟೆಯ ಮಿತಿಯನ್ನು 60ರಿಂದ 50ಕ್ಕೂ ಇಳಿಸಬೇಕು. ಮುಂದಿನ ಇಳಿಕೆಯ ವರ್ಷವನ್ನು ಅದೇ ಅಧಿಸೂಚನೆಯಲ್ಲಿ ನಮೂದಿಸಬೇಕು. ಎರಡು, ಪಿಎಂ 10ರ 24 ಗಂಟೆಯ ಮಿತಿಯನ್ನು 100ರಿಂದ 75ಕ್ಕೆ ಇಳಿಸಬೇಕು. ಮೂರು, ಮಳೆಗಾಲದ ಸರಾಸರಿಯನ್ನೂ ಉಳಿದ ತಿಂಗಳುಗಳ ಸರಾಸರಿಯನ್ನೂ ಪ್ರತ್ಯೇಕವಾಗಿ ಪ್ರಕಟಿಸಬೇಕು. ನಾಲ್ಕು, ನಮ್ಮ ತಾಲ್ಲೂಕಿನಲ್ಲಿ ಇಂಥ ಸ್ಥಳದಲ್ಲಿ ಮಾಪನ ಕೇಂದ್ರ ಆರಂಭಿಸಬೇಕು."

25 ಮತ್ತು 50 ವಿಶ್ವ ಆರೋಗ್ಯ ಸಂಸ್ಥೆಯ ಎರಡನೇ ಮೆಟ್ಟಿಲು, 75 ಮೂರನೆಯದು. ನೇರವಾಗಿ 5 ಕೇಳಬಾರದೇಕೆ ಎನ್ನುವವರಿದ್ದಾರೆ. ಕೇಳಬಾರದೆಂದೇನಿಲ್ಲ. ಆದರೆ ಸಮುದ್ರದ ಉಪ್ಪಿನ ಕಣ, ಮರುಭೂಮಿಯ ಧೂಳು ಇರುವ ದೇಶದಲ್ಲಿ 5 ಅಸಾಧ್ಯ ಎಂಬ ಒಂದೇ ಸಾಲಿನಲ್ಲಿ ಕಡತ ಮುಚ್ಚಿಹೋಗಬಹುದು. 25ಕ್ಕೆ ಅಂಥ ನೆಪ ಹೇಳಲು ಬರುವುದಿಲ್ಲ. ಇಳಿಕೆಯ ವರ್ಷವನ್ನು ಬರೆಸುವುದು ಅಂಕಿಯಷ್ಟೇ ಮುಖ್ಯ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ 2015ರ ಡಿಸೆಂಬರ್‌ನಲ್ಲಿ ಬಿಗಿ ಮಿತಿ ಬಂತು, ಎರಡು ವರ್ಷದ ಗಡುವೂ ಬಂತು, ಆಮೇಲೆ ಆ ಗಡುವು ಮತ್ತೆಮತ್ತೆ ಮುಂದಕ್ಕೆ ಹೋಯಿತು.

ರೋಗದ ಬಗ್ಗೆ ಬರೆಯುವಾಗ ಎಚ್ಚರ. "ಈ ಧೂಳಿನಿಂದ ನಮ್ಮೂರಲ್ಲಿ ಕ್ಯಾನ್ಸರ್ ಬಂದಿದೆ" ಎಂದು ದಾಖಲೆ ಇಲ್ಲದೆ ಬರೆದರೆ ಇಡೀ ಮನವಿಯ ತೂಕ ಇಳಿಯುತ್ತದೆ. ಹೊರಗಾಳಿಯ ಮಾಲಿನ್ಯ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2013ರಲ್ಲಿ ವರ್ಗೀಕರಿಸಿದೆ. ಅದನ್ನು ಹಾಗೆಯೇ ಬರೆಯಿರಿ, ಸಾಕು.

ಹಂತ 4: ಇರುವ ದಾಖಲೆ ತೆಗೆಸಿ

ಮಂಡಳಿಯ ಕಾರವಾರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಈ ಮಿತಿ ಮರೆತವರ ಅರ್ಜಿ ವಾಪಸ್ ಬರುತ್ತದೆ. ಕೇಳಬೇಕಾದದ್ದು:

ಕಳೆದ ಮೂರು ವರ್ಷ ಜಿಲ್ಲೆಯಲ್ಲಿ ಪಿಎಂ 10, ಪಿಎಂ 2.5 ಅಳೆದ ಪ್ರತಿ ಸ್ಥಳದ ವಿಳಾಸ, ಅಳೆದ ಪ್ರತಿ ದಿನದ ದಿನಾಂಕ ಮತ್ತು ಅಂಕಿ.

ಸರಾಸರಿ ಕೇಳಬೇಡಿ, ದಿನದಿನದ ಅಂಕಿ ಕೇಳಿ. ಕಾನೂನಿನ ವಾರ್ಷಿಕ ಸರಾಸರಿಗೆ ವಾರಕ್ಕೆ ಎರಡು ಸಲದಂತೆ ವರ್ಷಕ್ಕೆ ಕನಿಷ್ಠ 104 ಅಳತೆಗಳಿರಬೇಕು. ದಿನಾಂಕಗಳನ್ನು ಎಣಿಸಿದಾಗ 104ಕ್ಕಿಂತ ಕಡಿಮೆ ಬಂದರೆ ಆ ಸರಾಸರಿ ಮಾನದಂಡದ ವ್ಯಾಖ್ಯೆಗೇ ಹೊಂದುವುದಿಲ್ಲ. 24 ಗಂಟೆಯ ಮಿತಿಯನ್ನು ವರ್ಷದ ಶೇ 98ರಷ್ಟು ಕಾಲ ಪಾಲಿಸಿರಬೇಕು, ಸತತ ಎರಡು ಅಳತೆಯ ದಿನ ಮೀರಿರಬಾರದು. 104 ಅಳತೆಯಲ್ಲಿ ಮೂರು ಸಲ ಮೀರಿದ್ದರೆ ಶೇ 98 ತಪ್ಪಿತು. ಆ ಮೂರು ದಿನಾಂಕಗಳೇ ನಿಮ್ಮ ಮನವಿಯ ಎರಡನೇ ಪುಟ.

"ಏಕೆ ಕ್ರಮ ಕೈಗೊಂಡಿಲ್ಲ?" ಎಂದು ಅರ್ಜಿಯಲ್ಲಿ ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಇರುವ ದಾಖಲೆ, ವಿವರಣೆ ಸಿಗದು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು.

ಎರಡನೇ ಅರ್ಜಿಯಲ್ಲಿ, ನಿಮಗೆ ತೊಂದರೆ ಕೊಡುತ್ತಿರುವ ಘಟಕದ ಕಾರ್ಯಾಚರಣೆ ಸಮ್ಮತಿ ಪತ್ರದ, ಅಂದರೆ ಘಟಕ ನಡೆಸಲು ಮಂಡಳಿ ಕೊಟ್ಟ ಅನುಮತಿಯ, ಪ್ರತಿ ಕೇಳಿ. ನೀರು ಎಷ್ಟು ಸಲ ಸಿಂಪಡಿಸಬೇಕು, ಎಷ್ಟು ಎತ್ತರದ ತಡೆಗೋಡೆ ಇರಬೇಕು ಎಂಬಂಥ ಷರತ್ತುಗಳು ಅದರಲ್ಲಿರುತ್ತವೆ.

ಹಂತ 5: ನಿಮ್ಮದೇ ಎಣಿಕೆ

ಯಂತ್ರವಿಲ್ಲದೆಯೂ ಗಟ್ಟಿ ದಾಖಲೆ ಮಾಡಬಹುದು. ಏಳು ದಿನ, ದಿನಕ್ಕೆ ಮೂರು ಹೊತ್ತು, ಒಂದೊಂದು ಗಂಟೆ, ಇಬ್ಬರು ಕೂತು ಎಣಿಸಿ: ಎಷ್ಟು ಟಿಪ್ಪರ್ ಹೋದವು, ಅದರಲ್ಲಿ ಟಾರ್ಪಾಲಿನ್ ಹೊದಿಸದವು ಎಷ್ಟು, ನೀರಿನ ಟ್ಯಾಂಕರ್ ಎಷ್ಟು ಸಲ ಬಂತು. ಬೆಳಗಿನ ಹೊತ್ತು, ಮಧ್ಯಾಹ್ನ, ಸಂಜೆ ಮೂರೂ ಬೇಕು. ಕಡಲಂಚಿನಲ್ಲಿ ಹಗಲು ಗಾಳಿ ಸಮುದ್ರದಿಂದ ಊರಿಗೆ ಬೀಸುತ್ತದೆ, ರಾತ್ರಿ ಭೂಮಿಯಿಂದ ಸಮುದ್ರಕ್ಕೆ. ಬಂದರಿನ ಧೂಳು ಹಗಲಲ್ಲಿ ಊರಿಗೆ ಬಂದರೆ, ಊರಾಚೆಯ ಕಸದ ಹೊಗೆ ರಾತ್ರಿ ಮನೆಗಳ ಮೇಲೆ ಹಾಯುತ್ತದೆ. ಗಾಳಿಯ ದಿಕ್ಕನ್ನೂ ಪ್ರತಿ ಸಲ ಬರೆಯಿರಿ. ಒಂದು ಬಟ್ಟೆಪಟ್ಟಿ ಕಟ್ಟಿದ ಕೋಲು ಸಾಕು.

ಅಗ್ಗದ ಸೆನ್ಸರ್ ಕೊಳ್ಳುವವರು ಅದರ ಮಿತಿ ತಿಳಿದಿರಬೇಕು. ಇವು ಲೇಸರ್ ಬೆಳಕು ಕಣಗಳಿಂದ ಚದುರುವುದನ್ನು ನೋಡಿ ಲೆಕ್ಕ ಹಾಕುತ್ತವೆ. ತೇವಾಂಶ ಶೇ 80 ದಾಟಿದರೆ ಕಣಗಳು ನೀರು ಕುಡಿದು ಉಬ್ಬುತ್ತವೆ, ಅಂಕಿ ಸುಳ್ಳಾಗಿ ಏರುತ್ತದೆ. ಕಡಲ ಉಪ್ಪಿನ ಕಣಗಳಲ್ಲಿ ಇದು ಇನ್ನೂ ಹೆಚ್ಚು. ಅದಕ್ಕೇ ಮಳೆಗಾಲದ ಅಂಕಿಗಳನ್ನೂ ಮಂಜು ಕವಿದ ಮುಂಜಾವಿನ ಅಂಕಿಗಳನ್ನೂ ಮನವಿಗೆ ಬಳಸಬೇಡಿ. ಪ್ರತಿ ಓದಿನ ಪಕ್ಕ ತೇವಾಂಶ ಬರೆದಿರಲಿ. ರಸ್ತೆ ಧೂಳಿನ ದೊಡ್ಡ ಕಣಗಳ ವಿಷಯದಲ್ಲಿ ತಪ್ಪು ಇನ್ನೊಂದು ಬದಿಗೆ, ಪಿಎಂ 10ನ್ನು ಇವು ಕಡಿಮೆ ತೋರಿಸುತ್ತವೆ.

ಸೆನ್ಸರನ್ನು ನೆಲದಿಂದ ಮೂರು ಮೀಟರ್‌ಗಿಂತ ಮೇಲೆ, ಮಳೆ ತಾಗದ, ಗಾಳಿಯಾಡುವ ಕಡೆ ಕಟ್ಟಿ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ, ದರಕು (ಒಣಗಿ ಬಿದ್ದ ಎಲೆ) ಸುಡುವ ಮೂಲೆಯಿಂದ ದೂರವಿರಲಿ. ಶಿರಸಿ, ಸಿದ್ದಾಪುರದ ಕಡೆ ಸುಗ್ಗಿಯಲ್ಲಿ ಹಂಡೆಯ ಹೊಗೆಯನ್ನೇ ಹೆದ್ದಾರಿಯ ಹೊಗೆ ಎಂದು ತಿಳಿದು ಬರೆದರೆ ನಿಮ್ಮ ದಾಖಲೆ ನಿಮಗೇ ಉರುಳಾಗುತ್ತದೆ. ಎರಡು ಸೆನ್ಸರ್ ಇದ್ದರೆ ಮೊದಲ ವಾರ ಅಕ್ಕಪಕ್ಕ ಇಟ್ಟು ಹೋಲಿಸಿ. ಈ ಅಂಕಿಗಳಿಂದ ಉಲ್ಲಂಘನೆ ಸಾಬೀತಾಗುವುದಿಲ್ಲ. "ಇಲ್ಲಿ ಅಧಿಕೃತವಾಗಿ ಅಳೆಯಿರಿ" ಎಂದು ಕೇಳಲು ಆಧಾರವಾಗುತ್ತವೆ, ಅಷ್ಟಕ್ಕೇ ಬಳಸಿ.

ಹಂತ 6: ಜನ

ದಿನ ಆರಿಸುವುದರಲ್ಲೇ ಅರ್ಧ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ದೋಣಿಯವರು ದಡದಲ್ಲೇ ಸಿಗುತ್ತಾರೆ. ಘಟ್ಟದ ಮೇಲೆ ಅಡಿಕೆ ಕೊನೆ ಕೊಯ್ಲಿನ ತಿಂಗಳುಗಳಲ್ಲಿ ಸಭೆ ಕರೆದರೆ ಕುರ್ಚಿಗಳಷ್ಟೇ ಬರುತ್ತವೆ. ಮೀನು ಮಾರುವ ಹೆಂಗಸರನ್ನು ಮಾರುಕಟ್ಟೆ ಮುಗಿದ ಮೇಲೆ ಭೇಟಿ ಮಾಡಿ. ರಸ್ತೆ ಬದಿಯಲ್ಲಿ ದಿನವಿಡೀ ಕೂರುವ ಅವರಷ್ಟು ಧೂಳು ಕುಡಿಯುವವರು ಬೇರೆ ಯಾರೂ ಇಲ್ಲ, ಆದರೆ ಮನವಿಗಳಲ್ಲಿ ಅವರ ಸಹಿ ಅಪರೂಪ. ಕೃಷಿ ಸೊಸೈಟಿ, ಸ್ತ್ರೀಶಕ್ತಿ ಸಂಘ, ಶಾಲಾಭಿವೃದ್ಧಿ ಸಮಿತಿಗಳ ಮೂಲಕ ಹೋಗಿ.

ಟಿಪ್ಪರ್ ಚಾಲಕರನ್ನು ಎದುರಾಳಿ ಮಾಡಿಕೊಳ್ಳಬೇಡಿ. ಅವರೂ ಅದೇ ಧೂಳಿನಲ್ಲಿರುವವರು. ಟಾರ್ಪಾಲಿನ್ ಖರ್ಚು ಗುತ್ತಿಗೆದಾರನದಾಗಲಿ ಎಂಬ ಸಾಲು ಸೇರಿಸಿದರೆ ಅವರೂ ಸಹಿ ಹಾಕುತ್ತಾರೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡನ್ನು ಈ ಮನವಿಯೊಂದಿಗೆ ಗಂಟು ಹಾಕಬೇಡಿ. 2009ರ ಮಾನದಂಡದಲ್ಲಿ ಕೇಂದ್ರ ಅಧಿಸೂಚಿಸಿದ ಸೂಕ್ಷ್ಮ ಪ್ರದೇಶಕ್ಕೆ ಗಂಧಕದ ಡೈಆಕ್ಸೈಡ್‌ನ ವಾರ್ಷಿಕ ಮಿತಿ 50ರ ಬದಲು 20, ಸಾರಜನಕದ ಡೈಆಕ್ಸೈಡ್‌ನದು 40ರ ಬದಲು 30 ಎಂಬುದು ನಿಜ. ಪಿಎಂ ಮಿತಿಯಲ್ಲಿ ಮಾತ್ರ ವ್ಯತ್ಯಾಸವೇ ಇಲ್ಲ. ಜಮೀನಿನ ಭಯದಿಂದ ಆ ಕರಡನ್ನು ವಿರೋಧಿಸುವ ರೈತರು ನಮ್ಮ ತಾಲ್ಲೂಕುಗಳಲ್ಲಿ ಬಹಳ. ಗಾಳಿಯ ವಿಷಯದಲ್ಲಿ ಅವರೂ ನಿಮ್ಮ ಜೊತೆಗೇ ನಿಲ್ಲಬಲ್ಲರು, ವಿಷಯ ಬೆರೆಸಿದರೆ ಆ ಬಾಗಿಲು ಮುಚ್ಚುತ್ತದೆ.

ಸಹಿ ಸಂಗ್ರಹದ ನಿಯಮ ಚಿಕ್ಕದು. ಪ್ರತಿ ಹಾಳೆಯ ನೆತ್ತಿಯಲ್ಲೂ ಪೂರ್ಣ ಬೇಡಿಕೆ ಅಚ್ಚಾಗಿರಲಿ, ಖಾಲಿ ಹಾಳೆಯ ಸಹಿಗೆ ಬೆಲೆಯಿಲ್ಲ. ಹೆಸರು, ಊರು, ಸಹಿ ಸಾಕು, ಫೋನ್ ನಂಬರ್ ಬೇಡ. ಹೆಬ್ಬೆಟ್ಟಿಗೆ ಸಾಕ್ಷಿ ಸಹಿ ಹಾಕಿಸಿ. ಮನೆಯವರೆಲ್ಲರ ಸಹಿಯನ್ನು ಒಬ್ಬರೇ ಹಾಕಿದ್ದು ಕಣ್ಣಿಗೆ ಬಿದ್ದರೆ ಉಳಿದ ನೂರು ಸಹಿಯ ಮೇಲೂ ಅನುಮಾನ ಹುಟ್ಟುತ್ತದೆ. ಮಾರಿಕಾಂಬಾ ಜಾತ್ರೆಯಲ್ಲಿ ಸಾವಿರ ಸಹಿ ಸುಲಭ, ಆದರೆ ಅದರಲ್ಲಿ ಹೊರಜಿಲ್ಲೆಯವರೇ ಹೆಚ್ಚಿರುತ್ತಾರೆ. ಧೂಳಿನ ರಸ್ತೆಯ ಇನ್ನೂರು ಮನೆಯ ಸಹಿ ಅದಕ್ಕಿಂತ ತೂಕದ್ದು.

ಹಂತ 7: ಗ್ರಾಮ ಸಭೆಯ ಠರಾವು

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ದಿನ ಗೊತ್ತಾಗುತ್ತಲೇ ಪಿಡಿಓಗೆ ಲಿಖಿತವಾಗಿ ಕೊಟ್ಟು ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ. ಸಭೆಯಲ್ಲಿ ಎದ್ದು ಹೇಳಿದ ಮಾತು ನಡಾವಳಿ ಪುಸ್ತಕಕ್ಕೆ ಹೋಗದೆ ಉಳಿಯುವುದುಂಟು, ಆದ್ದರಿಂದ ಠರಾವಿನ ಒಕ್ಕಣೆಯನ್ನು ನೀವೇ ಬರೆದು ಒಯ್ಯಿರಿ. ದೃಢೀಕೃತ ಪ್ರತಿ ಕೈಗೆ ಬಂದಮೇಲೆ ಅದನ್ನು ಮನವಿಗೆ ಲಗತ್ತಿಸಿ. ಐದು ಪಂಚಾಯ್ತಿಗಳ ಒಂದೇ ಬೇಡಿಕೆಯ ಠರಾವುಗಳನ್ನು ಹಿಡಿದು ಸಂಸದರ ಬಳಿ ಹೋದರೆ, ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಅವರಿಗೂ ಆಧಾರ ಸಿಗುತ್ತದೆ. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕಿರುವುದರಿಂದ ಅಧಿವೇಶನ ಶುರುವಾದ ಮೇಲೆ ಹೋಗಬೇಡಿ.

ಹಂತ 8: ಅಹವಾಲು ಸಭೆ, ಕರಡು ಅಧಿಸೂಚನೆ

ಬಂದರು, ಗಣಿ, ಸ್ಥಾವರದಂಥ ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗಬೇಕು, ಸಾರಾಂಶ ಕನ್ನಡದಲ್ಲಿರಬೇಕು. ವರದಿಯಲ್ಲಿ ಗಾಳಿಯ ಅಧ್ಯಾಯ ತೆರೆದು ನಾಲ್ಕು ವಿಷಯ ಹುಡುಕಿ: ಅಳತೆ ಯಾವ ತಿಂಗಳಲ್ಲಿ ಆಯಿತು, ಯಾವ ಊರುಗಳಲ್ಲಿ, ಗಾಳಿ ದಿಕ್ಕಿನ ಚಿತ್ರದಲ್ಲಿ ಹಗಲಿನ ಕಡಲಗಾಳಿ ಕಾಣುತ್ತದೆಯೇ, ಲಾರಿ ಸಾಗಣೆಯ ಧೂಳನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ. ಈಗಿನ ಅಂಕಿಗೆ ಯೋಜನೆಯಿಂದ ಸೇರುವ ಅಂಕಿಯನ್ನು ಕೂಡಿ 24 ಗಂಟೆಯ ಮಿತಿಗಳಾದ 60, 100ರೊಂದಿಗೆ ಹೋಲಿಸಿರುತ್ತಾರೆ. 50, 75ರೊಂದಿಗೂ ಹೋಲಿಸಿ ತೋರಿಸಿ ಎಂದು ಲಿಖಿತವಾಗಿ ಕೇಳಿ. ಕಾನೂನು ಬದಲಾಗುವ ಮೊದಲೇ ಹೊಸ ಅಂಕಿ ಸರ್ಕಾರಿ ದಾಖಲೆಗೆ ಸೇರುವ ದಾರಿ ಇದು.

ಸಭೆಯಲ್ಲಿ ಘೋಷಣೆ ಕೂಗಿ ಎದ್ದುಬಂದರೆ ನಡಾವಳಿಯಲ್ಲಿ ಉಳಿಯುವುದು "ಕೆಲವರು ವಿರೋಧಿಸಿದರು" ಎಂಬ ಸಾಲು. ಕೊನೆಯವರೆಗೆ ಕೂರಿ. ನಡಾವಳಿಯ ಸಾರಾಂಶವನ್ನು ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂದು ಅಧಿಸೂಚನೆಯಲ್ಲೇ ಇದೆ. ನಿಮ್ಮ ಅಂಕಿ ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಲು ಹೇಳಿ. ತದಡಿಯಲ್ಲಿ ಬರಬೇಕಿದ್ದ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಜನರ ವಿರೋಧದ ಮುಂದೆ ನಿಲ್ಲಲಿಲ್ಲ ಎಂಬುದನ್ನು ಈ ಜಿಲ್ಲೆ ಮರೆಯಬಾರದು.

ಮಾನದಂಡ ಬದಲಾವಣೆಯ ಕರಡು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದಾಗ ಆಕ್ಷೇಪ, ಸಲಹೆಗೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ತಂಡದ ಒಬ್ಬರು ವಾರಕ್ಕೊಮ್ಮೆ ರಾಜಪತ್ರದ ಜಾಲತಾಣ ನೋಡುವ ಹೊಣೆ ಹೊರಲಿ. ಆಕ್ಷೇಪವನ್ನು ನಾಲ್ಕು ಕಾಲಂನಲ್ಲಿ ಬರೆಯಿರಿ: ಕರಡಿನ ಕ್ರಮಸಂಖ್ಯೆ, ಅದರಲ್ಲಿರುವ ಅಂಕಿ, ನೀವು ಕೇಳುವ ಅಂಕಿ, ಕಾರಣ. ಒಂದೇ ಒಕ್ಕಣೆಯ 500 ಪತ್ರಗಳನ್ನು ಒಂದು ಸಾಲಿಗೆ ಇಳಿಸುವುದು ಸುಲಭ. ಪ್ರತಿ ಊರಿನವರು ತಮ್ಮ ರಸ್ತೆ, ಶಾಲೆ, ಎಣಿಕೆಯ ಅಂಕಿ ಸೇರಿಸಿ ಬರೆದ 40 ಪತ್ರ ಹೆಚ್ಚು ಕೆಲಸ ಮಾಡುತ್ತದೆ.

ಹಂತ 9: ಕೊಟ್ಟ ಮೇಲೆ

ಟಪಾಲು ವಿಭಾಗದ ಸ್ವೀಕೃತಿ ಮೊಹರು ಬಿದ್ದ ಪ್ರತಿ ನಿಮ್ಮ ಬಳಿ ಇರಲೇಬೇಕು. ಅಧಿಕಾರಿಯ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡದ್ದು ದಾಖಲೆಯಾಗದು. ದಿಲ್ಲಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ರಿಜಿಸ್ಟರ್‌ಗೆ ಅಂಟಿಸಿ. 45 ದಿನ ಕಾದು, ನಿಮ್ಮ ಮನವಿಯ ಟಪಾಲು ಸಂಖ್ಯೆ ಬರೆದು, ಅದರ ಮೇಲಿನ ಕಡತದ ಟಿಪ್ಪಣಿ ಹಾಳೆಗಳ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಮನವಿ ಯಾರ ಮೇಜಿನ ಮೇಲೆ ಎಂದಿನಿಂದ ಕೂತಿದೆ ಎಂಬುದು ಆ ಹಾಳೆಗಳಲ್ಲಿರುತ್ತದೆ. ಮುಂದಿನ ಪತ್ರ ಆ ಮೇಜಿಗೇ ಹೋಗಲಿ.

ನಿರ್ದಿಷ್ಟ ಉಲ್ಲಂಘನೆಯ ದಾಖಲೆ ಸಿಕ್ಕಿದ್ದರೆ ಚೆನ್ನೈನ ದಕ್ಷಿಣ ವಲಯದ ಹಸಿರು ನ್ಯಾಯಪೀಠವಿದೆ. ಅರ್ಜಿಗೆ ಕಾಲಮಿತಿ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು. ಸಕಾರಣವಿದ್ದರೆ ಪೀಠ ಇನ್ನು 60 ದಿನ ಕೊಡಬಹುದು. ಮಾಹಿತಿ ಹಕ್ಕಿನ ಉತ್ತರ ಮತ್ತು ಮೇಲ್ಮನವಿಯಲ್ಲೇ ಇದರಲ್ಲಿ ಮೂರ್ನಾಲ್ಕು ತಿಂಗಳು ಕಳೆಯುತ್ತದೆ. ಹಾಗಾಗಿ ಮೊದಲ ಅರ್ಜಿ ಹಾಕಿದ ದಿನವೇ ಆ ಕೊನೆಯ ದಿನಾಂಕವನ್ನೂ ರಿಜಿಸ್ಟರಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.